ಬಾಯಿಪಾಠದ ಇಂಗ್ಲಿಷು, ಬಾಯಿಗೆ ಬಾರದ ಬದುಕು

ಒಂದು ಊರಿನ ಸಾಂಸ್ಕೃತಿಕ ಸ್ಥಿತಿಗತಿಯನ್ನು ಅರಿಯಬೇಕಾದರೆ ಅಲ್ಲಿಯ ಜನ ಪ್ರೀತಿಗಾಗಿ ಓದುವ ಪುಸ್ತಕಗಳನ್ನು ನೋಡಿದರೆ ಸಾಲದು, ಹೊಟ್ಟೆಪಾಡಿಗಾಗಿ ಓದುವ ಪುಸ್ತಕಗಳನ್ನೂ ನೋಡಬೇಕು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆಸುಪಾಸಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಅಂಥದೊಂದು ಪುಸ್ತಕ ಕಾಣಸಿಗುತ್ತಿದೆ. ಶೆಡ್ಡು, ಗೋದಾಮು, ಲಾರಿಗಳ ನಡುವೆ ದುಡಿಯುವವರ ಮಕ್ಕಳು ಅದನ್ನು ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಪುಟಪುಟಕ್ಕೂ ಅಡಿಗೆರೆ ಎಳೆದು ಓದುತ್ತಾರೆ. ಅದು ಕಥೆಯಲ್ಲ, ಧರ್ಮಗ್ರಂಥವಲ್ಲ, ಎಸ್ಸೆಸ್ಸೆಲ್ಸಿಯ ಗೈಡೂ ಅಲ್ಲ. ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆಗೆ ಸಿದ್ಧಗೊಳಿಸುವ ಕೈಪಿಡಿ. ಐಇಎಲ್‌ಟಿಎಸ್ ಎಂದೋ ಒಇಟಿ ಎಂದೋ ಮುಖಪುಟದ ಮೇಲೆ ದೊಡ್ಡಕ್ಷರಗಳಿರುತ್ತವೆ. ಸಾಹಿತ್ಯ ವಿಮರ್ಶೆ ಇಂಥ ಪುಸ್ತಕಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ನಮ್ಮ ಹುಡುಗ ಹುಡುಗಿಯರು ತಮ್ಮ ಬಗ್ಗೆ ತಾವೇ ಹೇಗೆ ಮಾತಾಡಬೇಕೆಂಬುದನ್ನು ಈ ಪುಸ್ತಕಗಳಿಂದ ಕಲಿಯುತ್ತಿದ್ದರೆ ಅವು ವಿಮರ್ಶೆಯ ವ್ಯಾಪ್ತಿಯಿಂದ ಹೊರಗಿರಲು ಹೇಗೆ ಸಾಧ್ಯ? ಆದ್ದರಿಂದ ಈ ಪರೀಕ್ಷೆಯನ್ನೂ ಅದಕ್ಕೆ ನಡೆಯುವ ತಯಾರಿಯನ್ನೂ ನಾವು ಇಲ್ಲಿ ಒಂದು ಪಠ್ಯವೆಂದು ಓದಲು ಬಯಸುತ್ತೇವೆ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡದ್ದು. ಗಿರಣಿಯ ಸೀಟಿ ಊರಿನ ಗಡಿಯಾರವಾಗಿತ್ತು. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ಮನೆಮಾತಾಗಿದ್ದವು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ಕಾರ್ಖಾನೆಯೂ ನಿಂತಿತು. ಉಳಿದದ್ದು ಸಣ್ಣ ಉದ್ಯಮಗಳು, ಮಂಡಿಗಳು, ಮಂಡಕ್ಕಿ ಭಟ್ಟಿಗಳು. ಇನ್ನೊಂದು ಕಡೆ ಊರು ಶಿಕ್ಷಣದ ಊರಾಯಿತು. 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ ಬಂದವು. ಇವುಗಳ ಜೊತೆಗೆ ನರ್ಸಿಂಗ್ ಕಾಲೇಜುಗಳೂ ಬಂದವು. ಹೀಗೆ ಗಿರಣಿಯಲ್ಲಿ ದುಡಿದ ಅಜ್ಜನ ಮೊಮ್ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಅವಳ ತಂದೆಯ ಕಾಲದಲ್ಲಿ ಗಲ್ಫ್‌ಗೆ ಚಾಲಕನಾಗಿಯೋ ಎಲೆಕ್ಟ್ರಿಷಿಯನ್ ಆಗಿಯೋ ಹೋಗಲು ಪಾಸ್‌ಪೋರ್ಟು, ಏಜೆಂಟು, ಒಂದಷ್ಟು ಸಾಲ ಇದ್ದರೆ ಸಾಕಿತ್ತು. ‘ನಿನ್ನ ಇಂಗ್ಲಿಷ್ ಎಷ್ಟು’ ಎಂದು ಅಲ್ಲಿ ಯಾರೂ ತೂಗಿ ನೋಡುತ್ತಿರಲಿಲ್ಲ. ಮಗಳಿಗೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳ ಆಸ್ಪತ್ರೆ ಬೇಕಾಗಿದೆ. ಅಲ್ಲಿ ತಕ್ಕಡಿ ಇದೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್‌ನ ಓದು, ಆಲಿಕೆ, ಮಾತು ಈ ಮೂರರಲ್ಲೂ 7ನ್ನು, ಬರಹದಲ್ಲಿ 6.5ನ್ನು ಕೇಳುತ್ತದೆ. ಅರ್ಧ ಅಂಕ ತಪ್ಪಿದರೆ ಒಂದು ಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ.

ಪರೀಕ್ಷೆಯ ಸ್ವರೂಪವನ್ನು ಮೊದಲು ತಿಳಿಯೋಣ. ಐಇಎಲ್‌ಟಿಎಸ್ ಇಂದಿನ ಹೆಸರಿನಲ್ಲಿ 1989ರಿಂದ ನಡೆದುಬಂದಿದೆ. ಅಮೆರಿಕದ ಟೋಫೆಲ್ ಅದಕ್ಕಿಂತ ಹಳೆಯದು, 1964ರದು. ಐಇಎಲ್‌ಟಿಎಸ್‌ನಲ್ಲಿ ನಾಲ್ಕು ಭಾಗ. ಆಲಿಕೆಗೆ 40 ಪ್ರಶ್ನೆ. ಧ್ವನಿಮುದ್ರಿಕೆಯನ್ನು ಒಂದೇ ಸಲ ಕೇಳಿಸುತ್ತಾರೆ. ಓದಿಗೆ ಒಂದು ಗಂಟೆ, 40 ಪ್ರಶ್ನೆ. ಬರಹಕ್ಕೆ ಒಂದು ಗಂಟೆ. 150 ಪದಗಳ ಒಂದು ಬರಹ, 250 ಪದಗಳ ಒಂದು ಪ್ರಬಂಧ. ಮಾತಿಗೆ 11ರಿಂದ 14 ನಿಮಿಷ. ಪರೀಕ್ಷಕರು ಒಂದು ಕಾರ್ಡು ಕೊಡುತ್ತಾರೆ, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ಅಂಕ 0ಯಿಂದ 9ರವರೆಗೆ. ಒಇಟಿ ಆರೋಗ್ಯ ವೃತ್ತಿಯವರಿಗೆಂದೇ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಪರೀಕ್ಷೆ. ಅದರಲ್ಲಿ ಎದುರಿಗಿರುವವರು ರೋಗಿಯ ಪಾತ್ರ ವಹಿಸುತ್ತಾರೆ, ಅಭ್ಯರ್ಥಿ ನರ್ಸಾಗಿಯೇ ಮಾತಾಡಬೇಕು. ರೋಗಿಯ ಆತಂಕವನ್ನು ಕೇಳಿಸಿಕೊಂಡಳೇ, ಅವನ ದೃಷ್ಟಿಯಿಂದ ಯೋಚಿಸಿದಳೇ ಎಂಬುದಕ್ಕೂ ಅಲ್ಲಿ ಅಂಕವಿದೆ.

ಪರೀಕ್ಷೆಯನ್ನು ಬಯ್ಯುವುದು ಸುಲಭ. ಇಂಗ್ಲಿಷಿನ ಯಜಮಾನಿಕೆ, ವಸಾಹತುಶಾಹಿಯ ಹೊಸ ರೂಪ ಎಂಬ ಮಾತುಗಳು ನಮ್ಮ ಪತ್ರಿಕೆಗಳಲ್ಲಿ ಸಿದ್ಧವಾಗಿಯೇ ಇವೆ. ಆ ಮಾತುಗಳಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಕರೂರಿನ ಹುಡುಗಿಯ ಕಡೆಯಿಂದ ನೋಡಿದಾಗ ಈ ಪರೀಕ್ಷೆಗೆ ಇರುವ ಒಂದು ಗುಣವನ್ನು ಒಪ್ಪಲೇಬೇಕು. ಅದು ಅವಳ ಜಾತಿ, ಧರ್ಮ, ಮನೆತನ, ಓದಿದ ಶಾಲೆಯ ಶುಲ್ಕ ಯಾವುದಕ್ಕೂ ಅಂಕ ಕೊಡುವುದಿಲ್ಲ. ನಮ್ಮೂರುಗಳಲ್ಲಿ ಕೆಲಸಕ್ಕೆ, ಬಾಡಿಗೆ ಮನೆಗೆ ಹೋದಾಗ ಹೆಸರು ಕೇಳಿದ ಕೂಡಲೇ ಎದುರಿನವರ ಮುಖದಲ್ಲಾಗುವ ಬದಲಾವಣೆಯನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಉಚ್ಚಾರಣೆ ಅರ್ಥವಾಗುವಂತಿದ್ದರೆ ಸಾಕು, ಲಂಡನ್ನಿನವರ ಹಾಗೆ ಮಾತಾಡಬೇಕಿಲ್ಲ ಎಂಬುದೂ ಅದರ ಘೋಷಿತ ನಿಲುವು.

ಇನ್ನೊಂದು ಗುಣವೂ ಇದೆ. ಓದಿನ ಭಾಗದಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತದೆ. ಕೊಟ್ಟ ಹೇಳಿಕೆ ಸರಿಯೇ, ತಪ್ಪೇ, ಅಥವಾ ಪಠ್ಯದಲ್ಲಿ ಹೇಳಿಲ್ಲವೇ ಎಂದು ಗುರುತಿಸಬೇಕು. ನಮ್ಮ ಮಕ್ಕಳು ಹೆಚ್ಚು ಎಡವುವ ಕಡೆಗಳಲ್ಲಿ ಇದೊಂದು. ಉದಾಹರಣೆಗೆ ನಾವೇ ಒಂದು ಪಠ್ಯ ಕಟ್ಟೋಣ: ‘ಆ ಊರಿನಲ್ಲಿ ಹತ್ತು ಗಿರಣಿಗಳಿದ್ದವು, ಅವುಗಳಲ್ಲಿ ಆರು ಮುಚ್ಚಿದವು.’ ಹೇಳಿಕೆ: ‘ಕಾರ್ಮಿಕರ ಮುಷ್ಕರದಿಂದ ಗಿರಣಿಗಳು ಮುಚ್ಚಿದವು.’ ಮಾಲೀಕರ ಮಾತು ಕೇಳಿ ಬೆಳೆದವನು ‘ಸರಿ’ ಎಂದು ಬರೆಯುತ್ತಾನೆ. ಕಾರ್ಮಿಕನ ಮಗ ‘ತಪ್ಪು’ ಎಂದು ಬರೆಯುತ್ತಾನೆ. ಉತ್ತರ ಎರಡೂ ಅಲ್ಲ. ಪಠ್ಯದಲ್ಲಿ ಅದನ್ನು ಹೇಳಿಲ್ಲ, ಅಷ್ಟೆ. ಸುಳ್ಳೆಂದು ತಿಳಿದದ್ದಕ್ಕೂ ತಿಳಿದೇ ಇಲ್ಲದ್ದಕ್ಕೂ ನಡುವೆ ಇರುವ ಈ ಗೆರೆಯನ್ನು ನಮ್ಮ ಶಾಲೆಗಳು ಕಲಿಸಲಿಲ್ಲ. ಗೈಡಿನಲ್ಲಿ ಉತ್ತರವಿಲ್ಲದ ಪ್ರಶ್ನೆಯೇ ನಮ್ಮ ಶಾಲೆಯಲ್ಲಿರಲಿಲ್ಲ. ಮೊಬೈಲಿಗೆ ಬಂದ ಒಂದು ಸುದ್ದಿಯಿಂದ ಬೀದಿಗಳು ಹೊತ್ತಿಕೊಳ್ಳುವ ಈ ಕಾಲದಲ್ಲಿ ‘ಇದರಲ್ಲಿ ಅದನ್ನು ಹೇಳಿಲ್ಲ’ ಎಂದು ನಿಂತು ನೋಡುವ ಶಿಸ್ತು ಎಷ್ಟು ಅಮೂಲ್ಯವಾದದ್ದು! ಸುದ್ದಿ ಬಂದಾಗ ವಿಚಾರಿಸಿ ನೋಡಿರಿ ಎಂಬುದು ಕುರ್‌ಆನಿನ ಅಲ್‌ ಹುಜುರಾತ್ ಅಧ್ಯಾಯದ ತಾಕೀತು ಕೂಡ ಹೌದು. ಆ ಪಾಠ ನಮ್ಮ ಮಕ್ಕಳಿಗೆ ಒಂದು ವಿದೇಶಿ ಪರೀಕ್ಷೆಯ ಮೂಲಕವಾದರೂ ದೊರೆತರೆ ಬೇಡವೆನ್ನಲು ಕಾರಣವಿಲ್ಲ.

ಆದರೆ ಬರಹದ ಭಾಗಕ್ಕೆ ಬಂದಾಗ ನಮ್ಮ ತಕರಾರು ಶುರುವಾಗುತ್ತದೆ. ಉನ್ನತ ವ್ಯಾಸಂಗಕ್ಕೆ ಹೋಗುವವರ ಮೊದಲ ಬರಹದಲ್ಲಿ ಒಂದು ನಕ್ಷೆಯನ್ನೋ ಕೋಷ್ಟಕವನ್ನೋ ಕೊಟ್ಟು ವಿವರಿಸಲು ಹೇಳುತ್ತಾರೆ. ಗೆರೆ ಏರಿತು, ಇಳಿಯಿತು, ಸ್ಥಿರವಾಯಿತು ಎಂದು ಬರೆಯಬೇಕು. ಏಕೆ ಇಳಿಯಿತು ಎಂದು ಬರೆಯಬಾರದು. ನಕ್ಷೆಯಲ್ಲಿಲ್ಲದ ಕಾರಣವನ್ನು ಊಹಿಸುವುದು ದೋಷ. ಪರೀಕ್ಷೆಯ ದೃಷ್ಟಿಯಿಂದ ಇದು ಸರಿ. ಮೇಲಿನ ‘ಹೇಳಿಲ್ಲ’ ಎಂಬ ಶಿಸ್ತಿನದೇ ಮುಂದುವರಿಕೆ. ಆದರೆ ತಿಂಗಳುಗಟ್ಟಲೆ ಇದೊಂದನ್ನೇ ಅಭ್ಯಾಸ ಮಾಡುವ ಹುಡುಗನನ್ನು ನೆನೆಯಿರಿ. ಉತ್ಪಾದನೆಯ ಗೆರೆ ಕೆಳಗಿಳಿದಾಗ ಯಾರದೋ ಮನೆಯ ಅಡುಗೆ ನಿಂತಿತು ಎಂಬುದು ಅವನಿಗೆ ತನ್ನ ಮನೆಯಿಂದಲೇ ಗೊತ್ತು. ಅವನು ಕಲಿಯುವ ವಾಕ್ಯ ಮಾತ್ರ ‘ಕ್ರಮೇಣ ಇಳಿಕೆ ಕಂಡುಬಂದಿತು’ ಎಂಬುದು. ಇಳಿಕೆಯನ್ನು ಹೇಳಲು ಅವನಿಗೆ ಹತ್ತು ಕ್ರಿಯಾಪದಗಳನ್ನು ಕಲಿಸುತ್ತಾರೆ, ನಷ್ಟವನ್ನು ಹೇಳಲು ಒಂದನ್ನೂ ಕಲಿಸುವುದಿಲ್ಲ. ನಮ್ಮ ಅಧಿಕಾರಿಗಳ ವರದಿಗಳೂ ಕಂಪನಿಗಳ ಪ್ರಕಟಣೆಗಳೂ ಇದೇ ಗದ್ಯದಲ್ಲಿವೆ ಎಂಬುದು ಆಕಸ್ಮಿಕವೇ?

ಇನ್ನೂ ದೊಡ್ಡ ತೊಂದರೆ ಇರುವುದು ಪರೀಕ್ಷೆಯಲ್ಲಲ್ಲ, ತಯಾರಿಯಲ್ಲಿ. ಕೋಚಿಂಗ್ ಕ್ಲಾಸುಗಳಲ್ಲಿ ಹರಿದಾಡುವ ಪ್ರತಿಗಳನ್ನು ಓದುತ್ತ ಹೋದಂತೆ ಒಂದೇ ಪ್ರಬಂಧ ನೂರು ವಿಷಯಗಳಿಗೆ ಅಂಗಿ ಬದಲಿಸಿಕೊಂಡು ಬರುವುದು ಕಾಣುತ್ತದೆ. ವಿಷಯ ಪರಿಸರವಾಗಲಿ, ದೂರದರ್ಶನವಾಗಲಿ, ವೃದ್ಧರ ಆರೈಕೆಯಾಗಲಿ, ಮೊದಲ ವಾಕ್ಯ ಅದೇ, ‘ಒಂದು ಕಡೆ’, ‘ಇನ್ನೊಂದು ಕಡೆ’ ಎಂಬ ಕಂಬಗಳು ಅವೇ, ಕೊನೆಯಲ್ಲಿ ಎರಡೂ ಕಡೆಯವರನ್ನು ಸಮಾಧಾನಪಡಿಸುವ ಮಾತೂ ಅದೇ. ಇದು ಅಚ್ಚಿನಲ್ಲಿ ಹೊಯ್ದ ಇಟ್ಟಿಗೆ. ಬರೆಯುವವಳು ಯಾರು, ಎಲ್ಲಿಯವಳು, ಏನು ಕಂಡವಳು ಎಂಬುದರ ಒಂದು ಗುರುತೂ ಅದರ ಮೇಲಿಲ್ಲ. ಕಥೆ ಬರೆಯುವವರಾಗಿ ನಮಗೆ ಎದ್ದು ಕಂಡದ್ದು ಇದು: ಈ ಪ್ರಬಂಧಗಳಲ್ಲಿ ‘ನಾನು ಒಪ್ಪುತ್ತೇನೆ’, ‘ನನ್ನ ಅಭಿಪ್ರಾಯದಲ್ಲಿ’ ಎಂಬ ಮಾತುಗಳು ಧಾರಾಳವಾಗಿವೆ. ಆದರೆ ಆ ‘ನಾನು’ ಎಂಬ ಪಾತ್ರಕ್ಕೆ ಊರಿಲ್ಲ, ಕೇರಿಯಿಲ್ಲ, ಅಪ್ಪ ಅಮ್ಮ ಇಲ್ಲ.

ಒಂದು ಅಭ್ಯಾಸದ ಪಾಠವನ್ನು ನಾವು ಕೂತು ಕೇಳಿದ್ದೇವೆ. ಕಾರ್ಡಿನ ವಿಷಯ ಸರಳವಾಗಿತ್ತು: ನಿನಗೆ ಚೆನ್ನಾಗಿ ಗೊತ್ತಿರುವ, ಕೌಶಲ ಬೇಡುವ ಒಂದು ಕೆಲಸವನ್ನು ವಿವರಿಸು. ನರ್ಸಿಂಗ್ ಮುಗಿಸಿದ ಹುಡುಗಿ ಕಣ್ಣುಮುಚ್ಚಿ, ಯಾವುದೋ ದೇಶದ ಸರೋವರದ ಮೇಲೆ ದೋಣಿ ನಡೆಸುವುದನ್ನು ಒಪ್ಪಿಸಿದಳು. ಅವಳು ದೋಣಿ ಹತ್ತಿದವಳಲ್ಲ. ‘ಎಲ್ಲೂ ನಿಲ್ಲಲಿಲ್ಲ, ಗುಡ್’ ಎಂದರು ಪಾಠ ಹೇಳುವವರು. ಆಮೇಲೆ ನಾವು ‘ನಿನ್ನ ಅಬ್ಬಾ ಏನು ಮಾಡುತ್ತಾರಮ್ಮ?’ ಎಂದು ಕೇಳಿದೆವು. ‘ಮಂಡಕ್ಕಿ ಭಟ್ಟಿ ಸರ್’ ಎಂದು ತಲೆ ತಗ್ಗಿಸಿದಳು. ಹೇಗೆ ಮಾಡುತ್ತಾರೆ ಎಂದಾಗ ಮಾತು ಮೆಲ್ಲಗೆ ಬಿಚ್ಚಿಕೊಂಡಿತು, ಅರ್ಧ ಕನ್ನಡದಲ್ಲಿ, ಅರ್ಧ ದಖನಿಯಲ್ಲಿ. ಭತ್ತವನ್ನು ಮೊದಲು ನೆನೆಸಬೇಕು. ಆಮೇಲೆ ಹುರಿದು ಒಣಗಿಸಿ ಹೊಟ್ಟು ತೆಗೆಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು. ನೀರು ಹೆಚ್ಚಾದರೆ ಅರಳುವುದಿಲ್ಲ. ಮರಳು ಕಾಯುವುದನ್ನು ಕಣ್ಣಿನಿಂದಲ್ಲ, ಮುಖಕ್ಕೆ ಬಡಿಯುವ ಶಾಖದಿಂದ ತಿಳಿಯಬೇಕು. ಕಾಯದಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ಕಾಯುವುದು ಹೆಚ್ಚಾದರೆ ಸೀದು ಹೋಗುತ್ತದೆ. ಹಾಕಿ ತೆಗೆಯುವುದರೊಳಗೆ ಉಸಿರು ಬಿಡುವಷ್ಟು ಹೊತ್ತು, ಅಷ್ಟೆ. ಹೊಗೆಯಿಂದ ಅಬ್ಬಾನಿಗೆ ಕೆಮ್ಮು ಹತ್ತಿದೆ, ಅದಕ್ಕೇ ತಾನು ನರ್ಸಿಂಗ್ ಓದಿದ್ದು ಎಂದೂ ಹೇಳಿದಳು.

ಪರೀಕ್ಷಕರು ಮಾತಿನಲ್ಲಿ ಹುಡುಕುವುದು ಏನನ್ನು? ಪ್ರಕಟಿತ ಮಾನದಂಡಗಳ ಪ್ರಕಾರ ಸರಾಗತೆ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ, ಉಚ್ಚಾರಣೆ. ಈ ಹುಡುಗಿಯ ಮಾತಿನಲ್ಲಿ ಕ್ರಮವಿತ್ತು: ಮೊದಲು, ಆಮೇಲೆ, ಅಷ್ಟರೊಳಗೆ. ಷರತ್ತಿತ್ತು: ಹೀಗಾದರೆ ಹಾಗೆ. ಹೋಲಿಕೆಯಿತ್ತು, ಕಾರಣವಿತ್ತು, ತನ್ನದೇ ಆದ ಮುಕ್ತಾಯವಿತ್ತು. ಇರಲಿಲ್ಲವಾದದ್ದು ಕೆಲವು ಇಂಗ್ಲಿಷ್ ಪದಗಳು, ವಾಕ್ಯದ ಕಟ್ಟು. ಅಂದರೆ ಅವಳಿಗೆ ಕಲಿಸಬೇಕಾದದ್ದು ಅಷ್ಟನ್ನೇ. ಅದನ್ನು ಬಿಟ್ಟು ಅವಳಿಗೆ ಬೇರೆ ಯಾರದೋ ಬದುಕನ್ನು ಬಾಯಿಪಾಠ ಮಾಡಿಸಲಾಯಿತು. ಬಾಯಿಪಾಠದ ಉತ್ತರವನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿ ಇರುತ್ತದೆ, ಗುರುತಿಸಿದರೆ ಅಂಕ ಹೋಗುತ್ತದೆ. ಆದ್ದರಿಂದ ಇದು ಆತ್ಮಗೌರವಕ್ಕಷ್ಟೇ ಅಲ್ಲ, ಜೇಬಿಗೂ ನಷ್ಟ.

ಕೋಚಿಂಗ್‌ನವರ ಕಡೆಯಿಂದ ಒಂದು ಮಾತು ಬರಬಹುದು: ‘ನಮ್ಮ ಮಕ್ಕಳಿಗೆ ಇಂಗ್ಲಿಷ್ ಬಾಯಿಗೇ ಬರುವುದಿಲ್ಲ, ಅಚ್ಚು ಕೊಡದಿದ್ದರೆ ಮೌನವಾಗಿ ಕೂರುತ್ತಾರೆ.’ ಈ ಮಾತನ್ನು ತಳ್ಳಿಹಾಕಲಾಗದು. ಹೆದರಿದವನಿಗೆ ಹಿಡಿದುಕೊಳ್ಳಲು ಒಂದು ಕೋಲು ಬೇಕು. ಆದರೆ ಆ ಕೋಲು ಅವರ ಮನೆಯಲ್ಲೇ ಇದೆ ಎಂಬುದು ನಮ್ಮ ವಾದ. ದಖನಿ ಮತ್ತು ಕನ್ನಡ ಎರಡನ್ನೂ ಆಡುವ ಮಗು ಈಗಾಗಲೇ ಎರಡು ವ್ಯಾಕರಣಗಳ ನಡುವೆ ದಿನಕ್ಕೆ ನೂರು ಸಲ ಓಡಾಡುತ್ತದೆ. ‘ನಿನ್ನೆ ಬಂದ ಹೆಂಗಸು’ ಎಂದು ಕನ್ನಡದಲ್ಲಿ ಹೇಳುವಾಗ ವಿವರ ಮೊದಲು, ಹೆಂಗಸು ಆಮೇಲೆ. ಕಿತಾಬಿನ ಉರ್ದುವಿನಲ್ಲಿ ‘ಜೋ’ ಎಂಬ ಸಂಬಂಧ ಸರ್ವನಾಮ ಬಂದು ವಾಕ್ಯ ಇಂಗ್ಲಿಷಿನ ಹತ್ತಿರಕ್ಕೆ ಹೋಗುತ್ತದೆ. ನಮ್ಮ ದಖನಿ ಇವೆರಡರ ನಡುವೆ ನಿಂತು ‘ಕಲ್ ಆಯೆ ಸೋ ಔರತ್’ ಎಂದು ಕನ್ನಡದ ಜಾಡಿನಲ್ಲೇ ನಡೆಯುತ್ತದೆ. ಕನ್ನಡದ ‘ಅಂತ’ ಎಂಬುದು ದಖನಿಯಲ್ಲಿ ‘ಬೋಲ್ಕೆ’ ಆಗಿದೆ. ಇಷ್ಟನ್ನು ಯಾರೂ ಕಲಿಸದೆ ಕಲಿತ ಮಗುವಿಗೆ ಮೂರನೆಯ ಭಾಷೆಯ ವಾಕ್ಯರಚನೆಯನ್ನು ಹೋಲಿಸಿ ತೋರಿಸಿದರೆ ಹಿಡಿಯಲಾರದೇ? ಉಚ್ಚಾರಣೆಯೂ ಹಾಗೆಯೇ. ಕನ್ನಡ ಮಾತ್ರ ಬಲ್ಲವರಿಗೆ ಕಷ್ಟವಾಗುವ ‘ಝೀರೋ’ದ ಧ್ವನಿ ಉರ್ದು ಓದಿದವರಿಗೆ ಜೀಮ್ ಮತ್ತು ಝೇಯ ಭೇದದಿಂದ ಬಾಲ್ಯದಲ್ಲೇ ಬಂದಿರುತ್ತದೆ. ಉರ್ದುವಿನವರು ಸ್ಕೂಲನ್ನು ‘ಇಸ್ಕೂಲ್’ ಮಾಡುವಲ್ಲಿ ಕನ್ನಡ ಓದಿದವರು ಒತ್ತಕ್ಷರವನ್ನು ಸಲೀಸಾಗಿ ನುಡಿಯುತ್ತಾರೆ. ಎರಡೂ ಇರುವವರಿಗೆ ಲಾಭ ಎರಡು ಪಟ್ಟು. ಮಕ್ತಬ್‌ನಲ್ಲಿ ಅರಬಿ ಅಕ್ಷರಗಳ ಉಚ್ಚಾರಣಾ ಸ್ಥಾನವನ್ನು ಗಂಟಲು, ನಾಲಿಗೆ, ತುಟಿ ಎಂದು ಬೇರೆ ಮಾಡಿ ಕಲಿತ ಮಕ್ಕಳಿಗೆ ಧ್ವನಿಯನ್ನು ಕಿವಿಯಿಂದ ಹಿಡಿಯುವ ಶಿಕ್ಷಣವಂತೂ ಆಗಿಯೇ ಇದೆ. ಅದೇ ಮಕ್ತಬ್‌ನಿಂದ ಅರ್ಥ ತಿಳಿಯದೆ ಒಪ್ಪಿಸುವ ಅಭ್ಯಾಸವೂ ಬಂದಿರಬಹುದು ಎಂಬುದನ್ನು ನಾವು ಒಪ್ಪುತ್ತೇವೆ. ಪಡೆಯಬೇಕಾದದ್ದು ಮೊದಲನೆಯದನ್ನು, ಬಿಡಬೇಕಾದದ್ದು ಎರಡನೆಯದನ್ನು. ನಮ್ಮ ಕೋಚಿಂಗ್ ಕ್ಲಾಸುಗಳು ಮಾಡುತ್ತಿರುವುದು ಇದಕ್ಕೆ ತಿರುಗಾಮುರುಗಾ.

ಕಲಿಯುವವರ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸುವುದು ಈ ಬಗೆಯ ಪರೀಕ್ಷೆಗಳ ಹುಟ್ಟುಗುಣವೇನಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಪರಭಾಷಿಕರಿಗಾಗಿ ತನ್ನ ಮೊದಲ ಇಂಗ್ಲಿಷ್ ಪರೀಕ್ಷೆಯನ್ನು 1913ರಲ್ಲಿ ನಡೆಸಿತು. ಕೂತವರು ಮೂವರು, ಮೂವರೂ ಫೇಲಾದರು. ಹನ್ನೆರಡು ಗಂಟೆಗಳಷ್ಟಿದ್ದ ಆ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ, ಅವುಗಳಿಂದ ಇಂಗ್ಲಿಷಿಗೆ ಅನುವಾದಿಸುವ ಭಾಗಗಳಿದ್ದವು. ಅಂದರೆ ನಿನಗೊಂದು ಭಾಷೆ ಇದೆ, ಅದರಿಂದ ಇಲ್ಲಿಗೆ ನಡೆದು ಬಾ ಎಂಬ ಒಪ್ಪಿಗೆ ಇತ್ತು. ಫ್ರೆಂಚರಿಗೂ ಜರ್ಮನರಿಗೂ ದೊರೆತ ಆ ಗೌರವ ಕನ್ನಡಕ್ಕಾಗಲಿ ಉರ್ದುವಿಗಾಗಲಿ ದೊರೆಯಲಿಲ್ಲ ಎಂಬುದು ಬೇರೆ ಮಾತು. ಜಗತ್ತಿನ ಎಲ್ಲರೂ ಬರೆಯುವ ಪರೀಕ್ಷೆಯಾದ ಮೇಲೆ ಅನುವಾದ ಬಿದ್ದುಹೋಯಿತು. ಎಲ್ಲರಿಗೂ ಒಂದೇ ಅಳತೆಯಾಯಿತು, ಯಾರ ಭಾಷೆಗೂ ಜಾಗವಿಲ್ಲದಾಯಿತು.

ಅದಕ್ಕೂ ನೂರು ವರ್ಷ ಹಿಂದೆ ತಕ್ಕಡಿ ತಿರುಗುಮುರುಗಾಗಿತ್ತು. ಆಗ ಪರೀಕ್ಷೆಗೆ ಕೂರುತ್ತಿದ್ದವರು ಇಂಗ್ಲಿಷರು, ಕಲಿಸುತ್ತಿದ್ದವರು ನಮ್ಮ ಮುನ್ಷಿಗಳು, ಪಂಡಿತರು. ಮದ್ರಾಸಿನಲ್ಲಿ 1812ರಲ್ಲಿ ತೆರೆದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿಯ ತರುಣ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿಯಬೇಕಾಗಿತ್ತು, ಕನ್ನಡವೂ ಅವುಗಳಲ್ಲಿತ್ತು. ಜಾನ್ ಮೆಕೆರೆಲ್ 1820ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣ ಆ ವಾತಾವರಣದ್ದು. ಕಲ್ಕತ್ತೆಯಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು ಶುರುವಾಗಿತ್ತು. ಅಲ್ಲಿ ಗಿಲ್‌ಕ್ರಿಸ್ಟ್ ಸಾಹೇಬ ತನ್ನ ವಿದ್ಯಾರ್ಥಿಗಳಿಗೆ ಹಿಂದೂಸ್ತಾನಿ ಕಲಿಸಲು ಪುಸ್ತಕಗಳನ್ನು ಬರೆಸಿದ. ದಿಲ್ಲಿಯ ಮೀರ್ ಅಮ್ಮನ್ ನಾಲ್ವರು ದರ್ವೇಶಿಗಳ ಹಳೆಯ ಕಿಸ್ಸೆಯನ್ನು ದಿಲ್ಲಿಯ ಬೀದಿಯ ಮಾತಿನಲ್ಲಿ ಮತ್ತೆ ಹೇಳಿದ. ಅದೇ ‘ಬಾಗ್ ಓ ಬಹಾರ್’. ಪರೀಕ್ಷೆಗೆ ತಯಾರಾಗುವ ಪರದೇಶಿಯರಿಗಾಗಿ ಬರೆದ ಒಂದು ಪಠ್ಯಪುಸ್ತಕ ಉರ್ದು ಗದ್ಯದ ಬುನಾದಿಯ ಕೃತಿಗಳಲ್ಲಿ ಒಂದಾಯಿತು! ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರು ಅದನ್ನು ಪರೀಕ್ಷೆಯ ಗೈಡೆಂದು ಓದಿದವರಲ್ಲ, ಕಥೆಯೆಂದು ಓದಿದವರು. ಗೈಡು ಎಂದ ಮಾತ್ರಕ್ಕೆ ಅದು ನಿರ್ಜೀವವಾಗಿರಬೇಕು ಎಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮೀರ್ ಅಮ್ಮನ್ ಜನ ಆಡುವ ಮಾತಿನಿಂದ ಶುರುಮಾಡಿದ. ನಮ್ಮ ಕೈಪಿಡಿಗಳು ಯಾರೂ ಆಡದ ಮಾತಿನಿಂದ ಶುರುಮಾಡುತ್ತವೆ.

ಆದರೆ ಆ ಪರೀಕ್ಷೆಗೂ ಈ ಪರೀಕ್ಷೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಫೇಲಾದ ಕಂಪನಿ ಅಧಿಕಾರಿಗೆ ಬಡ್ತಿ ತಡವಾಗುತ್ತಿತ್ತು, ಫೇಲಾದ ನಮ್ಮ ಮಕ್ಕಳಿಗೆ ಬಾಗಿಲೇ ಮುಚ್ಚುತ್ತದೆ. 2010ರ ನವೆಂಬರಿನಿಂದ ಬ್ರಿಟನ್ನಿನಲ್ಲಿರುವ ಗಂಡನನ್ನು ಸೇರಲು ನಮ್ಮಂಥ ದೇಶಗಳಿಂದ ಹೊರಡುವ ಹೆಂಡತಿಯೂ ಇಂಗ್ಲಿಷ್ ಪರೀಕ್ಷೆ ದಾಟಬೇಕಾಯಿತು. ನಿಕಾಹ್‌ನಾಮೆಯ ಜೊತೆಗೆ ಅಂಕಪಟ್ಟಿಯೂ ಬೇಕಾಯಿತು. 2014ರಲ್ಲಿ ಟೋಯಿಕ್ ಎಂಬ ಪರೀಕ್ಷೆಯಲ್ಲಿ ಕೆಲವು ಕೇಂದ್ರಗಳು ಮೋಸ ನಡೆಸುತ್ತಿದ್ದುದನ್ನು ಬಿಬಿಸಿ ಬಯಲಿಗೆಳೆಯಿತು. ಮೋಸ ಮಾಡಿದವರು ನಿಜವಾಗಿಯೂ ಇದ್ದರು. ಆದರೆ ಆಮೇಲೆ 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಶೇ. 97ರಷ್ಟನ್ನು ಸಂಶಯಾಸ್ಪದವೆಂದು ಗುರುತಿಸಲಾಯಿತು ಎಂದು ಆ ದೇಶದ ಲೆಕ್ಕಪರಿಶೋಧಕ ಸಂಸ್ಥೆಯೇ 2019ರಲ್ಲಿ ವರದಿ ಮಾಡಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಎಷ್ಟೋ ವಿದ್ಯಾರ್ಥಿಗಳು ಓದು, ವೀಸಾ, ಮಾನ ಮೂರನ್ನೂ ಕಳೆದುಕೊಂಡರು. ತಾವು ನಿರಪರಾಧಿಗಳೆಂದು ಸಾಧಿಸಲು ವರ್ಷಗಟ್ಟಲೆ ಹೋರಾಡಬೇಕಾದವರು ಅವರಲ್ಲಿದ್ದರು. ಒಂದು ಭಾಷೆಯ ಪರೀಕ್ಷೆ ಗಡಿಯ ಕಾವಲುಗಾರನ ಕೆಲಸವನ್ನೂ ವಹಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಇದರ ಮೇಲೆ ಶುಲ್ಕ. ಒಂದು ಸಲ ಕೂರಲು ಹದಿನೈದು ಸಾವಿರ ರೂಪಾಯಿಗೂ ಮೇಲೆ; ಭಟ್ಟಿಯಲ್ಲಿ ದುಡಿಯುವವನಿಗೆ ಅದು ತಿಂಗಳ ದುಡಿಮೆ. ಪಡೆದ ಅಂಕಕ್ಕೆ ಸಾಮಾನ್ಯವಾಗಿ ಎರಡೇ ವರ್ಷದ ಆಯಸ್ಸು. ಎರಡು ವರ್ಷದಲ್ಲಿ ಕಲಿತ ಭಾಷೆ ಹಳಸುತ್ತದೆಯೇ? ಬಳಸದಿದ್ದರೆ ಹಳಸಬಹುದು. ಆದರೆ ಇಂಗ್ಲಿಷಿನಲ್ಲೇ ವಾರ್ಡಿನ ದಾಖಲೆಗಳನ್ನು ಬರೆಯುತ್ತಿರುವ ನರ್ಸಿಗೂ ಅದೇ ನಿಯಮವೆಂದರೆ ಲಾಭ ಯಾರದೆಂದು ಕೇಳಲೇಬೇಕಾಗುತ್ತದೆ.

ಭಾಷೆಯ ಷರತ್ತು ಎಂದಾಗಲೆಲ್ಲ ಅದು ಗೋಡೆಯೇ ಆಗಬೇಕಿಲ್ಲ. ಈ ಮಾತಿಗೆ ನಮ್ಮ ಕನ್ನಡದಲ್ಲೇ ದೊಡ್ಡ ಉದಾಹರಣೆಯೊಂದಿದೆ. ಹಾಸನದ ಉರ್ದು ಮನೆಮಾತಿನ ಹುಡುಗಿ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನರಿ ಕನ್ನಡ ಶಾಲೆಗೆ ಸೇರಿದಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಅವರು ಕೆಲವೇ ದಿನಗಳಲ್ಲಿ ಬರೆಯಲು ಶುರುಮಾಡಿದರು. ಅದೂ ಒಂದು ಭಾಷಾ ಸಾಮರ್ಥ್ಯದ ಪರೀಕ್ಷೆಯೇ ಅಲ್ಲವೇ? ಆ ಷರತ್ತನ್ನು ದಾಟಿ ಬಂದವರು ಮುಂದೆ ಕನ್ನಡದಲ್ಲಿ ಬರೆದದ್ದು ಯಾರದೋ ಬದುಕನ್ನಲ್ಲ. ತಮ್ಮ ಮೊಹಲ್ಲಾದ ಹೆಂಗಸರ ಬದುಕನ್ನು ಉರ್ದು, ಅರಬಿ ಮಾತುಗಳ ಸಮೇತ ಬರೆದರು. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರೆ ಮಾಡದೆ, ಅಡಿಟಿಪ್ಪಣಿಯಲ್ಲಿ ಅರ್ಥ ಕೊಡದೆ, ಇಂಗ್ಲಿಷಿನ ಸಾಲಿನಲ್ಲೇ ಕೂರಿಸಿದರು. ಅಂದರೆ ನಮ್ಮ ಬೀದಿಯ ವಾಸನೆ ಹೊತ್ತ ಇಂಗ್ಲಿಷನ್ನು ಲಂಡನ್ನಿನ ತೀರ್ಪುಗಾರರು ಒಪ್ಪಿ ಗೌರವಿಸಿದರು. ಅದೇ ಹೊತ್ತಿಗೆ ಕರೂರಿನ ಕೋಣೆಯೊಂದರಲ್ಲಿ ನಮ್ಮ ಹುಡುಗಿಗೆ ‘ಭಟ್ಟಿ ಗಿಟ್ಟಿ ಎನ್ನಬೇಡ, ದೋಣಿ ಎನ್ನು’ ಎಂಬ ಪಾಠ ನಡೆಯುತ್ತಿರುವುದು ಎಂಥ ವಿಪರ್ಯಾಸ! ಪ್ರಶಸ್ತಿ ಬೇರೆ, ಪರೀಕ್ಷೆ ಬೇರೆ ಎಂದು ಯಾರಾದರೂ ಹೇಳಬಹುದು. ನಿಜ, ಕಥೆಗಾರ್ತಿಗೆ ಸಿಗುವ ಸಲಿಗೆ ಅಭ್ಯರ್ಥಿಗೆ ಸಿಗುವುದಿಲ್ಲ. ಅವಳು ವ್ಯಾಕರಣ ತಪ್ಪಿದರೆ ಅಂಕ ಹೋಗುತ್ತದೆ. ಆದರೆ ವ್ಯಾಕರಣ ಕಲಿಯುವುದಕ್ಕೂ ಬದುಕನ್ನು ಬಚ್ಚಿಡುವುದಕ್ಕೂ ಸಂಬಂಧವೇ ಇಲ್ಲ ಎಂಬುದನ್ನಷ್ಟೇ ನಾವು ಹೇಳುತ್ತಿರುವುದು.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಈ ಪರೀಕ್ಷೆಯ ತಯಾರಿಯನ್ನು ದುಬಾರಿ ಕೋಚಿಂಗ್‌ನವರ ಕೈಗೆ ಪೂರ್ತಿ ಬಿಟ್ಟುಕೊಡಬಾರದು. ನಮ್ಮ ಜಮಾತ್‌ಗಳು, ಅಂಜುಮನ್‌ಗಳು ಸಾಮೂಹಿಕ ಮದುವೆಗೆ, ಮಿನಾರಿನ ಬಣ್ಣಕ್ಕೆ ಹಣ ಕೂಡಿಸುತ್ತವೆ; ನಾಲ್ಕು ಹುಡುಗಿಯರ ಪರೀಕ್ಷಾ ಶುಲ್ಕಕ್ಕೆ ಕೂಡಿಸಲಾರವೇ? ಎರಡನೆಯದಾಗಿ, ಈ ತಯಾರಿಯ ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರ ಪಕ್ಕದಲ್ಲಿ ಕನ್ನಡ, ಉರ್ದು ಬಲ್ಲ ಶಿಕ್ಷಕರೂ ಇರಬೇಕು. ಮಕ್ಕಳು ಮೊದಲು ತಮ್ಮ ಮಾತಿನಲ್ಲಿ ಹೇಳಲಿ: ಭಟ್ಟಿಯ ಕೆಲಸ, ಲಾರಿಯ ದುರಸ್ತಿ, ತುಂಗಭದ್ರೆಗೆ ನೀರು ಬಂದಾಗ ಹರಿಹರದ ಸೇತುವೆಯ ಮೇಲೆ ನಿಂತ ಜನ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಕಂಡ ಒಬ್ಬ ಅಜ್ಜಿ. ಅದನ್ನು ಸೇರಿ ಇಂಗ್ಲಿಷಿಗೆ ತರಲಿ. ತರುವಾಗ ಎಲ್ಲಿ ವಾಕ್ಯ ಒಡೆಯಿತು, ಯಾವ ಪದ ಸಿಗಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಆ ಪಟ್ಟಿಯೇ ಅವರ ಗೈಡು. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಪ್ರತಿಯೊಬ್ಬರಿಗೂ ಬೇರೆಯೇ ಆಗಿರುತ್ತದೆ. ಮೂರನೆಯದಾಗಿ, ಪರೀಕ್ಷೆ ಮುಗಿದ ಮೇಲೂ ಈ ಬರಹಗಳನ್ನು ಎಸೆಯಬಾರದು. ಗಿರಣಿಯ ಊರು ಹೇಗೆ ಬದಲಾಯಿತು ಎಂಬುದನ್ನು ನಕ್ಷೆಯ ಗೆರೆ ಹೇಳಲಾರದು. ಇಂಥ ಬರಹಗಳು ಹೇಳಬಲ್ಲವು.

ಒಇಟಿಯ ಮಾತಿನ ಭಾಗದಲ್ಲಿ ರೋಗಿಯ ಭಯವನ್ನು ಕೇಳಿಸಿಕೊಂಡವರಿಗೆ ಅಂಕವಿದೆ ಎಂದು ಮೇಲೆ ಹೇಳಿದೆವು. ಹೊಗೆ ಕುಡಿದ ತಂದೆಯ ಕೆಮ್ಮನ್ನು ವರ್ಷಗಟ್ಟಲೆ ಕೇಳಿದ ಹುಡುಗಿಗೆ ಅದನ್ನು ಯಾವ ಕೈಪಿಡಿಯೂ ಕಲಿಸಬೇಕಾಗಿಲ್ಲ. ಅವಳಿಗೆ 7 ಬ್ಯಾಂಡ್ ಬೇಕು, ಅದು ಅವಳ ಹಕ್ಕಿನ ಅನ್ನ. ಅದನ್ನು ಗಳಿಸಲು ಅವಳು ಅಬ್ಬಾನ ಕಸುಬನ್ನು ನಾಲಿಗೆಯಡಿ ಬಚ್ಚಿಡಬೇಕಾಗಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿತರೆ ಸಾಕು.